ಮದ್ಯಪಾನ ಚಾಲನಾ ಕಾನೂನಿನ ವ್ಯಾಪ್ತಿ

ಮದ್ಯಪಾನ ಚಾಲನಾ ಕಾನೂನು ಎಂದರೆ ಮದ್ಯ ಅಥವಾ ಮಾದಕ ಪದಾರ್ಥ ಸೇವಿಸಿ ಮೋಟಾರು ವಾಹನ ನಡೆಸುವುದನ್ನು ಅಪರಾಧವೆಂದು ಸಾರಿ, ಅದರ ತಪಾಸಣೆ, ರುಜುವಾತು ಮತ್ತು ಶಿಕ್ಷೆಯನ್ನು ನಿಗದಿಪಡಿಸುವ ನಿಯಮಗಳ ಸಮೂಹ. ಭಾರತದಲ್ಲಿ ಇದರ ಮುಖ್ಯ ಆಧಾರ 1988ರ ಮೋಟಾರು ವಾಹನಗಳ ಕಾಯ್ದೆಯ 185ನೇ ಸೆಕ್ಷನ್. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಸಾರ ಇಟ್ಟುಕೊಂಡು ವಾಹನ ನಡೆಸುವುದು ಮತ್ತು ನಡೆಸಲು ಯತ್ನಿಸುವುದು ಎರಡೂ ಇದರ ಪ್ರಕಾರ ಅಪರಾಧ. ಈ ಕಾನೂನು ಯಾರನ್ನು, ಎಲ್ಲಿ, ಯಾವ ಹಂತದಲ್ಲಿ, ಎಷ್ಟು ಮದ್ಯಕ್ಕೆ ಹಿಡಿಯಬೇಕು ಎಂಬ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಉತ್ತರ ಕೊಟ್ಟಿದೆ. ಈ ಲೇಖನ ಭಾರತದ ಕಾನೂನನ್ನು ಕೇಂದ್ರವಾಗಿಟ್ಟು, ಅಗತ್ಯವಿದ್ದಲ್ಲಿ ಇತರ ದೇಶಗಳ ಕ್ರಮವನ್ನು ಹೋಲಿಸಿ, ಆ ವ್ಯಾಪ್ತಿಯನ್ನು ವಿವರಿಸುತ್ತದೆ.

ಪರಿಭಾಷೆ

ರಕ್ತ ಮದ್ಯಾಂಶ: 100 ಮಿಲಿಲೀಟರ್ ರಕ್ತದಲ್ಲಿರುವ ಮದ್ಯಸಾರದ ತೂಕ. ಈ ಲೇಖನದಲ್ಲಿ ಎಲ್ಲ ದೇಶಗಳ ಮಿತಿಯನ್ನೂ ಈ ಅಳತೆಯಲ್ಲೇ, ಮಿಲಿಗ್ರಾಂಗಳಲ್ಲಿ ಕೊಡಲಾಗಿದೆ.

ಮಿತಿ ಅಪರಾಧ: ರಕ್ತ ಮದ್ಯಾಂಶ ನಿಗದಿತ ಮಿತಿ ದಾಟಿದ ಮಾತ್ರಕ್ಕೇ ಪೂರ್ಣಗೊಳ್ಳುವ ಅಪರಾಧ. ಚಾಲಕ ವಾಹನವನ್ನು ನೆಟ್ಟಗೆ ಓಡಿಸುತ್ತಿದ್ದನೇ ಎಂಬುದು ಇಲ್ಲಿ ಪ್ರಶ್ನೆಯಲ್ಲ.

ಅಸಾಮರ್ಥ್ಯ ಅಪರಾಧ: ಅಮಲಿನಿಂದ ವಾಹನದ ಮೇಲೆ ಸರಿಯಾದ ನಿಯಂತ್ರಣ ಇಡಲಾಗದ ಸ್ಥಿತಿ ತಲುಪಿದ್ದನ್ನು ಸಾಕ್ಷ್ಯದಿಂದ ತೋರಿಸಬೇಕಾದ ಅಪರಾಧ.

ಉಸಿರು ತಪಾಸಣೆ: ಹೊರಬಿಟ್ಟ ಉಸಿರಿನಲ್ಲಿರುವ ಮದ್ಯಸಾರವನ್ನು ಅಳೆದು ರಕ್ತ ಮದ್ಯಾಂಶವನ್ನು ಅಂದಾಜಿಸುವ ಪರೀಕ್ಷೆ. ಇದರ ಉಪಕರಣಕ್ಕೆ ಕರ್ನಾಟಕದಲ್ಲಿ ಬ್ರೀತ್ ಅನಲೈಸರ್, ಆಲ್ಕೋಮೀಟರ್ ಎಂಬ ಎರಡೂ ಹೆಸರುಗಳು ಬಳಕೆಯಲ್ಲಿವೆ.

ಯಾದೃಚ್ಛಿಕ ತಪಾಸಣೆ: ಅನುಮಾನದ ಕಾರಣ ಇಲ್ಲದೆಯೂ ಯಾವುದೇ ಚಾಲಕನನ್ನು ತಡೆದು ಉಸಿರು ತಪಾಸಣೆಗೆ ಒಳಪಡಿಸುವ ಕ್ರಮ.

ಉಗಮ ಮತ್ತು ಬೆಳವಣಿಗೆ

ಮೋಟಾರು ವಾಹನಗಳು ಬರುವ ಮೊದಲೇ ಈ ಬಗೆಯ ಕಾನೂನು ಇತ್ತು. ಬ್ರಿಟನ್ನಿನ 1872ರ ಲೈಸೆನ್ಸಿಂಗ್ ಕಾಯ್ದೆ ಸಾರ್ವಜನಿಕ ದಾರಿಯಲ್ಲಿ ಕುಡಿದು ಗಾಡಿ, ಕುದುರೆ, ದನಕರು ಅಥವಾ ಉಗಿಯಂತ್ರದ ಉಸ್ತುವಾರಿ ಹೊತ್ತವರನ್ನು ದಂಡನೆಗೆ ಒಳಪಡಿಸಿತು. ಮೋಟಾರು ವಾಹನದ ಚಾಲಕನೊಬ್ಬ ಈ ಕಾರಣಕ್ಕೆ ಶಿಕ್ಷೆಗೊಳಗಾದ ಮೊದಲ ಪ್ರಕರಣ 1897ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ದಾಖಲಾಯಿತು. ಆತ ವಿದ್ಯುತ್ ಟ್ಯಾಕ್ಸಿಯ ಚಾಲಕ. ಅಮೆರಿಕದಲ್ಲಿ ನ್ಯೂಜೆರ್ಸಿ 1906ರಲ್ಲಿ, ನ್ಯೂಯಾರ್ಕ್ 1910ರಲ್ಲಿ ಕಾನೂನು ಮಾಡಿದವು. ಆ ಕಾಲದ ಕಾನೂನುಗಳೆಲ್ಲ ಅಸಾಮರ್ಥ್ಯ ಅಪರಾಧವನ್ನು ಮಾತ್ರ ಗುರುತಿಸುತ್ತಿದ್ದವು. ತೊದಲು ಮಾತು, ತೂರಾಡುವ ನಡಿಗೆ, ಬಾಯಿಯ ವಾಸನೆ ಇವೇ ಸಾಕ್ಷ್ಯಗಳಾಗಿದ್ದವು.

ಅಳೆಯುವ ವಿಧಾನ ಸಿಕ್ಕ ಮೇಲೆ ಕಾನೂನಿನ ಸ್ವರೂಪ ಬದಲಾಯಿತು. ದೇಹದಲ್ಲಿ ಮದ್ಯಸಾರ ಹರಡುವ ಮತ್ತು ಕರಗುವ ಲೆಕ್ಕವನ್ನು ಸ್ವೀಡನ್ನಿನ ರಸಾಯನವಿಜ್ಞಾನಿ ಎರಿಕ್ ವಿಡ್‌ಮಾರ್ಕ್ 1932ರಲ್ಲಿ ಪ್ರಕಟಿಸಿದ. ನಾರ್ವೆ 1936ರಲ್ಲಿ 50 ಮಿಲಿಗ್ರಾಂ ಮಿತಿ ಹಾಕಿ ಮಿತಿ ಅಪರಾಧವನ್ನು ಮೊದಲು ಜಾರಿಗೆ ತಂದಿತು. ಅಮೆರಿಕದಲ್ಲಿ ರೋಲಾ ಹಾರ್ಗರ್ ರೂಪಿಸಿದ ಡ್ರಂಕೋಮೀಟರ್ 1930ರ ದಶಕದಲ್ಲೂ, ರಾಬರ್ಟ್ ಬೋರ್ಕನ್‌ಸ್ಟೈನ್ ರೂಪಿಸಿದ ಬ್ರೆತಲೈಸರ್ 1954ರಲ್ಲೂ ಬಂದವು. ಬೋರ್ಕನ್‌ಸ್ಟೈನ್ ಮುಂದೆ ನಿಂತು ನಡೆಸಿದ, 1964ರಲ್ಲಿ ಪ್ರಕಟವಾದ ಗ್ರ್ಯಾಂಡ್ ರ‍್ಯಾಪಿಡ್ಸ್ ಅಧ್ಯಯನವು ಅಪಘಾತಕ್ಕೀಡಾದ ಚಾಲಕರನ್ನೂ ಅದೇ ರಸ್ತೆಗಳ ಇತರ ಚಾಲಕರನ್ನೂ ಹೋಲಿಸಿ, ಮದ್ಯಾಂಶ ಏರಿದಂತೆ ಅಪಘಾತದ ಸಂಭವ ಕಡಿದಾಗಿ ಏರುವುದನ್ನು ತೋರಿಸಿತು. ಬ್ರಿಟನ್ 1967ರ ರಸ್ತೆ ಸುರಕ್ಷತಾ ಕಾಯ್ದೆಯ ಮೂಲಕ 80 ಮಿಲಿಗ್ರಾಂ ಮಿತಿ ಮತ್ತು ಉಸಿರು ತಪಾಸಣೆಯನ್ನು ತಂದಿತು. ಆಗ ಬಾರ್ಬರಾ ಕ್ಯಾಸಲ್ ಸಾರಿಗೆ ಸಚಿವೆಯಾಗಿದ್ದರು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1976ರಲ್ಲಿ, ನ್ಯೂ ಸೌತ್ ವೇಲ್ಸ್ 1982ರಲ್ಲಿ ಯಾದೃಚ್ಛಿಕ ತಪಾಸಣೆ ಆರಂಭಿಸಿದವು.

ಭಾರತದ 1939ರ ಮೋಟಾರು ವಾಹನಗಳ ಕಾಯ್ದೆಯ 117ನೇ ಸೆಕ್ಷನ್ ಮೊದಲಿಗೆ ಅಸಾಮರ್ಥ್ಯ ಅಪರಾಧವನ್ನೇ ಹೇಳಿತ್ತು. ಅದರ ಜಾಗಕ್ಕೆ ಬಂದ 1988ರ ಕಾಯ್ದೆ 1989ರ ಜುಲೈ 1ರಿಂದ ಜಾರಿಯಾಯಿತು. ಅದರ ಮೂಲ ಪಾಠ ಅತ್ಯಂತ ಕಟ್ಟುನಿಟ್ಟಾಗಿದ್ದು, ರಕ್ತದಲ್ಲಿ ಎಷ್ಟೇ ಅಲ್ಪ ಪ್ರಮಾಣದ ಮದ್ಯಸಾರವಿದ್ದರೂ ಅದನ್ನು ಅಪರಾಧವೆಂದಿತ್ತು. 1994ರ ತಿದ್ದುಪಡಿ ಅದನ್ನು ಬಿಟ್ಟು 30 ಮಿಲಿಗ್ರಾಂ ಮಿತಿಯನ್ನೂ ಬ್ರೀತ್ ಅನಲೈಸರ್ ಪರೀಕ್ಷೆಯನ್ನೂ ಸೇರಿಸಿತು. 2019ರ ತಿದ್ದುಪಡಿ ಪ್ರಯೋಗಾಲಯದ ಪರೀಕ್ಷೆ ಸೇರಿದಂತೆ ಇತರ ಪರೀಕ್ಷೆಗಳನ್ನೂ ಒಪ್ಪಿ, ದಂಡವನ್ನು ಐದು ಪಟ್ಟು ಹೆಚ್ಚಿಸಿತು. ಹೊಸ ದಂಡ 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ.

ವೈಜ್ಞಾನಿಕ ಆಧಾರ

ಕುಡಿದ ಮದ್ಯಸಾರ ಹೊಟ್ಟೆ ಮತ್ತು ಸಣ್ಣಕರುಳಿನಿಂದ ರಕ್ತಕ್ಕೆ ಸೇರುತ್ತದೆ. ರಕ್ತ ಮದ್ಯಾಂಶ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಹೊಟ್ಟೆ ತುಂಬಿದ್ದರೆ ಏರಿಕೆ ನಿಧಾನ. ಆಮೇಲೆ ಯಕೃತ್ತು ಅದನ್ನು ಗಂಟೆಗೆ 10ರಿಂದ 20 ಮಿಲಿಗ್ರಾಂನಂತೆ, ಸರಾಸರಿ 15 ಮಿಲಿಗ್ರಾಂನಂತೆ ಕರಗಿಸುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ.

ಭಾರತದಲ್ಲಿ ಮಾರಾಟವಾಗುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ 42.8ರಷ್ಟಿರುತ್ತದೆ. ಆ ಲೆಕ್ಕದಲ್ಲಿ 30 ಮಿಲಿಲೀಟರಿನ ಒಂದು ಪೆಗ್‌ನಲ್ಲಿ ಸುಮಾರು 10 ಗ್ರಾಂ, 180 ಮಿಲಿಲೀಟರಿನ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ, ಶೇ 5ರ 650 ಮಿಲಿಲೀಟರ್ ಬಿಯರ್ ಬಾಟಲಿಯಲ್ಲಿ ಸುಮಾರು 26 ಗ್ರಾಂ ಮದ್ಯಸಾರ ಇರುತ್ತದೆ. ವಿಡ್‌ಮಾರ್ಕ್ ಸೂತ್ರದ ಅಂದಾಜಿನಂತೆ 70 ಕಿಲೋ ತೂಕದ ಗಂಡಸಿನ ರಕ್ತ ಮದ್ಯಾಂಶವನ್ನು ಒಂದು ಪೆಗ್ ಸುಮಾರು 20 ಮಿಲಿಗ್ರಾಂಗೂ, ಎರಡು ಪೆಗ್ ಸುಮಾರು 40 ಮಿಲಿಗ್ರಾಂಗೂ ಏರಿಸುತ್ತವೆ. ಅಂದರೆ ಎರಡನೆಯ ಪೆಗ್‌ಗೇ ಭಾರತದ ಮಿತಿ ದಾಟುತ್ತದೆ. 55 ಕಿಲೋ ತೂಕದ ಹೆಂಗಸಿಗೆ ಒಂದೇ ಪೆಗ್ ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಅದೇ 70 ಕಿಲೋ ಗಂಡಸು ಒಂದು ಕ್ವಾರ್ಟರ್ ಕುಡಿದರೆ ಮದ್ಯಾಂಶ ಸುಮಾರು 130ಕ್ಕೆ ಏರುತ್ತದೆ. ರಾತ್ರಿ 11ಕ್ಕೆ ಆ ಮಟ್ಟದಲ್ಲಿದ್ದವನು ಮಲಗಿ ಎದ್ದು ಬೆಳಿಗ್ಗೆ 5ಕ್ಕೆ ಗಾಡಿ ಹತ್ತಿದರೆ ಮದ್ಯಾಂಶ ಇನ್ನೂ 40ರ ಆಸುಪಾಸಿನಲ್ಲಿ, ಮಿತಿಗಿಂತ ಮೇಲೆಯೇ ಇರುತ್ತದೆ. ಇವು ಸರಾಸರಿ ಲೆಕ್ಕಗಳು. ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸ ಸಾಕಷ್ಟಿರುತ್ತದೆ.

ಮದ್ಯಸಾರ ಮೊದಲು ಕುಂದಿಸುವುದು ತೀರ್ಮಾನಶಕ್ತಿಯನ್ನು. ವೇಗ ಮತ್ತು ದೂರದ ಅಂದಾಜು ತಪ್ಪುತ್ತದೆ, ಎದುರಿನ ದೀಪದ ಬೆಳಕಿನಿಂದ ಕಣ್ಣು ಚೇತರಿಸಿಕೊಳ್ಳಲು ತಡವಾಗುತ್ತದೆ, ಬ್ರೇಕಿನ ಮೇಲೆ ಕಾಲಿಡುವ ಮುನ್ನ ಕಳೆಯುವ ಸಮಯ ಹಿಗ್ಗುತ್ತದೆ. ತನ್ನ ಸಾಮರ್ಥ್ಯ ಕುಂದಿದೆ ಎಂದು ಅರಿಯುವ ಶಕ್ತಿಯೂ ಜೊತೆಗೇ ಕುಂದುತ್ತದೆ. ಹೀಗಾಗಿ ಚಾಲಕನ ಸ್ವಂತ ಅನಿಸಿಕೆಗೆ ಬಿಡದೆ ಅಂಕಿಯಲ್ಲಿ ಮಿತಿ ಹಾಕುವ ಕ್ರಮ ಬಂದಿತು.

ಭಾರತದ ಕಾನೂನಿನ ರಚನೆ

ಅಪರಾಧ. 185ನೇ ಸೆಕ್ಷನ್ ಎರಡು ಅಪರಾಧಗಳನ್ನು ಹೇಳುತ್ತದೆ. ಮದ್ಯಕ್ಕೆ ಸಂಬಂಧಿಸಿದ್ದು ಮಿತಿ ಅಪರಾಧ. ಮದ್ಯವಲ್ಲದ ಮಾದಕ ಪದಾರ್ಥಕ್ಕೆ ಸಂಬಂಧಿಸಿದ್ದು ಅಸಾಮರ್ಥ್ಯ ಅಪರಾಧ. ಗಾಂಜಾ ಅಥವಾ ನಿದ್ರೆ ಬರಿಸುವ ಮಾತ್ರೆಗೆ ಅಂಕಿಯ ಮಿತಿ ಇಲ್ಲ. ಆ ಪ್ರಕರಣಗಳಲ್ಲಿ ವಾಹನದ ಮೇಲೆ ನಿಯಂತ್ರಣ ಇಡಲು ಸಾಧ್ಯವಾಗದ ಸ್ಥಿತಿಯನ್ನು ಸಾಬೀತುಪಡಿಸಬೇಕು.

ತಪಾಸಣೆ. 203ನೇ ಸೆಕ್ಷನ್ ಪ್ರಕಾರ, 185ನೇ ಸೆಕ್ಷನ್ನಿನ ಅಪರಾಧ ನಡೆದಿದೆ ಎಂದು ಅನುಮಾನಿಸಲು ಸಮಂಜಸ ಕಾರಣವಿದ್ದರೆ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅಥವಾ ಅಧಿಕಾರ ಪಡೆದ ಸಾರಿಗೆ ಇಲಾಖೆಯ ಅಧಿಕಾರಿ ಸಾರ್ವಜನಿಕ ಸ್ಥಳದಲ್ಲಿ ಚಾಲಕನ ಉಸಿರಿನ ಮಾದರಿ ಕೇಳಬಹುದು. ಅಪಘಾತದ ನಂತರವೂ ಕೇಳಬಹುದು. ಚಾಲಕ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದರೆ ಚಿಕಿತ್ಸೆ ನೀಡುವ ವೈದ್ಯರ ಆಕ್ಷೇಪ ಇರಬಾರದು. ಉಸಿರು ತಪಾಸಣೆಯಲ್ಲಿ ಮದ್ಯ ಕಂಡುಬಂದರೆ, ಇಲ್ಲವೇ ಚಾಲಕ ತಪಾಸಣೆಗೆ ನಿರಾಕರಿಸಿದರೆ ಬಂಧಿಸಬಹುದು. 204ನೇ ಸೆಕ್ಷನ್ನಿನಂತೆ ನೋಂದಾಯಿತ ವೈದ್ಯರ ಮೂಲಕ ರಕ್ತದ ಮಾದರಿ ಪಡೆಯಬಹುದು. 202ನೇ ಸೆಕ್ಷನ್ ಬಂಧಿತನಿಗೆ ಒಂದು ರಕ್ಷಣೆ ಕೊಡುತ್ತದೆ: ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡುಗಡೆ ಮಾಡಬೇಕು. 205ನೇ ಸೆಕ್ಷನ್ ತನಿಖೆಗೆ ಬಲ ಕೊಡುತ್ತದೆ. ಸಮಂಜಸ ಕಾರಣವಿಲ್ಲದೆ ಪರೀಕ್ಷೆಗೆ ನಿರಾಕರಿಸಿದ್ದನ್ನು ನ್ಯಾಯಾಲಯ ಪ್ರಾಸಿಕ್ಯೂಷನ್ನಿನ ಸಾಕ್ಷ್ಯಕ್ಕೆ ಪೂರಕವೆಂದು ಭಾವಿಸಬಹುದು.

ಇಂದಿನ ಉಪಕರಣಗಳಲ್ಲಿ ಹೆಚ್ಚಿನವು ಇಂಧನ ಕೋಶವನ್ನು ಬಳಸುತ್ತವೆ. ಚಾಲಕ ಊದಿದ ಉಸಿರಿನಲ್ಲಿರುವ ಮದ್ಯಸಾರ ಪ್ಲಾಟಿನಂ ಲೇಪದ ಮೇಲೆ ಉತ್ಕರ್ಷಣಗೊಂಡಾಗ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತಿನ ಪ್ರಮಾಣದಿಂದ ಮದ್ಯಾಂಶವನ್ನು ಲೆಕ್ಕ ಹಾಕಲಾಗುತ್ತದೆ. 2,100 ಮಿಲಿಲೀಟರ್ ಉಸಿರಿನಲ್ಲಿ ಇರುವಷ್ಟೇ ಮದ್ಯಸಾರ 1 ಮಿಲಿಲೀಟರ್ ರಕ್ತದಲ್ಲಿ ಇರುತ್ತದೆ ಎಂಬ ಅನುಪಾತ ಇದರ ತಳಹದಿ. ಶ್ವಾಸಕೋಶದ ಆಳದ ಗಾಳಿ ಬೇಕಾದ್ದರಿಂದ ಬಿಡದೆ ದೀರ್ಘವಾಗಿ ಊದಬೇಕಾಗುತ್ತದೆ. ಬಾಯಿ ಮುಕ್ಕಳಿಸುವ ಕೆಲವು ದ್ರಾವಣಗಳು, ಮದ್ಯಸಾರದಲ್ಲಿ ಕರಗಿಸಿದ ಔಷಧಿಗಳು ಮತ್ತು ಆಗತಾನೆ ಕುಡಿದ ಗುಟುಕು ಬಾಯಿಯಲ್ಲಿ ಮದ್ಯಸಾರ ಉಳಿಸಿ ಅಂಕಿಯನ್ನು ಉಬ್ಬಿಸಬಲ್ಲವು. ಇದನ್ನು ತಪ್ಪಿಸಲು 15 ನಿಮಿಷ ಕಾದು ಮತ್ತೆ ಪರೀಕ್ಷಿಸುವುದು ಸರಿಯಾದ ಕ್ರಮ. ಪ್ರತಿಯೊಬ್ಬ ಚಾಲಕನಿಗೂ ಹೊಸ ಊದುಕೊಳವೆ ಮತ್ತು ಕಾಲಕಾಲಕ್ಕೆ ಉಪಕರಣದ ಪ್ರಮಾಣೀಕರಣ ತಪಾಸಣೆಯ ಸಿಂಧುತ್ವಕ್ಕೆ ಅಗತ್ಯ.

ಶಿಕ್ಷೆ. ಮೊದಲ ಬಾರಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಎರಡು ವರ್ಷದವರೆಗಿನ ಸೆರೆವಾಸ, ಇಲ್ಲವೇ 15,000 ರೂಪಾಯಿ ದಂಡ, ಇಲ್ಲವೇ ಎರಡೂ. 200ನೇ ಸೆಕ್ಷನ್ ಪಟ್ಟಿಮಾಡಿರುವ ರಾಜಿ ಮಾಡಬಹುದಾದ ಅಪರಾಧಗಳಲ್ಲಿ ಇದು ಸೇರಿಲ್ಲ. ಆದುದರಿಂದ ಸ್ಥಳದಲ್ಲೇ ದಂಡ ಕಟ್ಟಿ ಪ್ರಕರಣ ಮುಗಿಸಲು ಬರುವುದಿಲ್ಲ, ನ್ಯಾಯಾಲಯಕ್ಕೇ ಹೋಗಬೇಕು. 20ನೇ ಸೆಕ್ಷನ್ ಪ್ರಕಾರ ಶಿಕ್ಷೆಯಾದ ಚಾಲಕನನ್ನು ನ್ಯಾಯಾಲಯ ಕನಿಷ್ಠ ಆರು ತಿಂಗಳು ಪರವಾನಗಿ ಹೊಂದಲು ಅನರ್ಹಗೊಳಿಸಬೇಕು. ಪ್ರತ್ಯೇಕವಾಗಿ, ಪೊಲೀಸರು ಕಳಿಸುವ ಲೈಸೆನ್ಸನ್ನು ಪ್ರಾದೇಶಿಕ ಸಾರಿಗೆ ಕಚೇರಿ ಅಮಾನತಿನಲ್ಲಿ ಇಡಬಹುದು. ಈ ಅಮಾನತು ಮೂರು ತಿಂಗಳಿಗೆ ಕಡಿಮೆ ಇರಬಾರದೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಕಾನೂನು ಜಾರಿಗೊಳಿಸುವ ಅಧಿಕಾರಿಯೇ ಅಪರಾಧ ಮಾಡಿದರೆ 210ಬಿ ಸೆಕ್ಷನ್ನಿನಂತೆ ದಂಡನೆ ಎರಡು ಪಟ್ಟು.

ವ್ಯಾಪ್ತಿಯ ಆಯಾಮಗಳು

ಪ್ರಮಾಣ. ಮಿತಿಗಳು ಶೂನ್ಯದಿಂದ 80 ಮಿಲಿಗ್ರಾಂವರೆಗೆ ಇವೆ. ಇಂಗ್ಲೆಂಡ್ ಮತ್ತು ವೇಲ್ಸ್ 80ರಲ್ಲಿ ಉಳಿದಿವೆ. ಸ್ಕಾಟ್ಲೆಂಡ್ 2014ರಲ್ಲಿ 50ಕ್ಕೆ ಇಳಿಸಿತು. ಜರ್ಮನಿಯಲ್ಲಿ ಸಾಮಾನ್ಯ ಚಾಲಕರಿಗೆ 50, ಹೊಸ ಚಾಲಕರಿಗೂ 21 ವರ್ಷದೊಳಗಿನವರಿಗೂ ಶೂನ್ಯ. ಸ್ವೀಡನ್ 1990ರಿಂದ 20ರ ಮಿತಿ ಇಟ್ಟಿದೆ. ಅಮೆರಿಕದಲ್ಲಿ 2000ದ ಒಕ್ಕೂಟ ಕಾನೂನಿನ ಒತ್ತಡದಿಂದ 2004ರ ಹೊತ್ತಿಗೆ ಎಲ್ಲ ರಾಜ್ಯಗಳೂ 80ಕ್ಕೆ ಬಂದವು. ಯೂಟಾ 2018ರ ಕೊನೆಯಲ್ಲಿ 50ಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಚಾಲಕರಿಗೆ 50, ಎಳೆಯ ಮತ್ತು ಹೊಸ ಚಾಲಕರಿಗೆ 20 ಮೀರದ ಮಿತಿಯನ್ನು ಶಿಫಾರಸು ಮಾಡುತ್ತದೆ. ಭಾರತದ 30 ಸಾಮಾನ್ಯ ಚಾಲಕರ ಈ ಶಿಫಾರಸಿಗಿಂತ ಬಿಗಿ. ಆದರೆ ಇಲ್ಲಿ ಎಲ್ಲರಿಗೂ ಒಂದೇ ಮಿತಿ. ಶಾಲಾ ವಾಹನ, ಬಸ್ಸು ಅಥವಾ ಅಪಾಯಕಾರಿ ಸರಕಿನ ಟ್ಯಾಂಕರ್ ನಡೆಸುವವರಿಗೂ, ನಿನ್ನೆ ಲೈಸೆನ್ಸ್ ಪಡೆದವರಿಗೂ 185ನೇ ಸೆಕ್ಷನ್ ಬೇರೆ ಮಿತಿ ಹೇಳುವುದಿಲ್ಲ.

ಕೃತ್ಯ. ಭಾರತದಲ್ಲಿ ಚಾಲನೆ ಮತ್ತು ಚಾಲನೆಯ ಯತ್ನ ಎರಡೂ ಅಪರಾಧ. ಎಳೆದೊಯ್ಯುವ ವಾಹನದ ಸ್ಟಿಯರಿಂಗ್ ಹಿಡಿದವನೂ ಕಾಯ್ದೆಯ ವ್ಯಾಖ್ಯೆಯಲ್ಲಿ ಚಾಲಕನೇ. ನಿಂತ ಕಾರಿನಲ್ಲಿ ಮಲಗಿರುವುದು ಭಾರತದಲ್ಲಿ ಈ ಸೆಕ್ಷನ್ನಿನ ಒಳಗೆ ಬರುವುದಿಲ್ಲ. ಇಂಗ್ಲೆಂಡಿನ 1988ರ ರಸ್ತೆ ಸಂಚಾರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಿತಿ ಮೀರಿ ಕುಡಿದು ವಾಹನದ ಉಸ್ತುವಾರಿಯಲ್ಲಿರುವುದನ್ನೂ ಅಪರಾಧವಾಗಿಸಿದೆ. ಮದ್ಯಾಂಶ ಇಳಿಯುವವರೆಗೆ ತಾನು ವಾಹನ ನಡೆಸುವ ಸಂಭವವೇ ಇರಲಿಲ್ಲವೆಂದು ತೋರಿಸಿದವನಿಗೆ ಅದು ರಕ್ಷಣೆ ಕೊಡುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲೂ ವಾಹನದ ಭೌತಿಕ ನಿಯಂತ್ರಣ ಕೈಯಲ್ಲಿದ್ದರೆ ಸಾಕು.

ವಾಹನ. ಕಾಯ್ದೆ ಅನ್ವಯಿಸುವುದು ಮೋಟಾರು ವಾಹನಗಳಿಗೆ ಮಾತ್ರ. ಹಳಿಯ ಮೇಲೆ ಓಡುವ ವಾಹನಗಳು, ಕಾರ್ಖಾನೆ ಅಥವಾ ಬೇರಾವುದೇ ಆವೃತ ಸ್ಥಳದಲ್ಲಿ ಮಾತ್ರ ಬಳಸುವ ವಿಶೇಷ ವಾಹನಗಳು, 25 ಘನ ಸೆಂಟಿಮೀಟರ್ ಮೀರದ ಎಂಜಿನ್ನಿನ ಎರಡು ಮೂರು ಚಕ್ರದ ವಾಹನಗಳು ವ್ಯಾಖ್ಯೆಯ ಹೊರಗಿವೆ. ನಿಯಮಗಳು ಹೇಳುವ ಶಕ್ತಿ ಮತ್ತು ವೇಗದ ಮಿತಿಯೊಳಗಿನ ಸಣ್ಣ ವಿದ್ಯುತ್ ದ್ವಿಚಕ್ರಗಳಿಗೂ ವಿನಾಯಿತಿ ಇದೆ. ಸೈಕಲ್ಲು, ಎತ್ತಿನ ಗಾಡಿಗಳು ಸಹಜವಾಗಿಯೇ ಹೊರಗಿವೆ. ಇಂತಹ ವಾಹನವನ್ನು ಅಮಲಿನಲ್ಲಿ ದುಡುಕಿನಿಂದ ನಡೆಸಿದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್, ಕುಡಿದು ಸಾರ್ವಜನಿಕರಿಗೆ ಕಿರಿಕಿರಿ ಮಾಡಿದರೆ 355ನೇ ಸೆಕ್ಷನ್ ಅನ್ವಯಿಸಬಹುದು.

ಸ್ಥಳ. 185ನೇ ಸೆಕ್ಷನ್ ಅಪರಾಧವನ್ನು ಹೇಳುವಾಗ ಸಾರ್ವಜನಿಕ ಸ್ಥಳವೆಂಬ ಷರತ್ತು ಹಾಕಿಲ್ಲ. ಉಸಿರಿನ ಮಾದರಿ ಕೇಳುವ 203ನೇ ಸೆಕ್ಷನ್ ಮಾತ್ರ ಆ ಷರತ್ತು ಹಾಕುತ್ತದೆ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವುದೇ ಜಾಗ, ಬಸ್ಸು ಪ್ರಯಾಣಿಕರನ್ನು ಹತ್ತಿಸಿ ಇಳಿಸುವ ನಿಲ್ದಾಣ ಸೇರಿ, ಕಾಯ್ದೆಯ ವ್ಯಾಖ್ಯೆಯಲ್ಲಿ ಸಾರ್ವಜನಿಕ ಸ್ಥಳ. ಹೀಗಾಗಿ ಖಾಸಗಿ ತೋಟ, ಬೇಲಿ ಹಾಕಿದ ಬಡಾವಣೆ ಅಥವಾ ಅಪಾರ್ಟ್‌ಮೆಂಟ್ ಆವರಣದೊಳಗಿನ ಚಾಲನೆಯ ವಿಷಯದಲ್ಲಿ ಅಪರಾಧದ ವ್ಯಾಪ್ತಿಗಿಂತ ತಪಾಸಣೆಯ ವ್ಯಾಪ್ತಿ ಕಿರಿದು.

ಕಾಲ. ಅಪರಾಧ ಆಗುವುದು ಚಾಲನೆಯ ಹೊತ್ತಿನಲ್ಲಿ, ಅಳತೆ ಆಗುವುದು ಆಮೇಲೆ. ಗಂಟೆಗೆ 15 ಮಿಲಿಗ್ರಾಂ ಕರಗುವುದರಿಂದ, ಅಪಘಾತದ ಹೊತ್ತಿಗೆ 50 ಇದ್ದ ಮದ್ಯಾಂಶ ಎರಡು ಗಂಟೆ ತಡವಾದರೆ 20ಕ್ಕೆ ಇಳಿದು ಅಪರಾಧ ಕೈತಪ್ಪಬಹುದು. ಭಾರತದ ಕಾನೂನು ಆದಷ್ಟು ಬೇಗ ತಪಾಸಣೆ ಆಗಬೇಕೆನ್ನುತ್ತದೆ. ಸ್ಥಳದಿಂದ ಪರಾರಿಯಾಗಿ ಮರುದಿನ ಹಾಜರಾಗುವ ಚಾಲಕನ ವಿರುದ್ಧ ಮಿತಿ ಅಪರಾಧ ಸಾಬೀತುಪಡಿಸುವುದು ಬಹಳ ಕಷ್ಟ. ಕೆನಡಾ 2018ರಲ್ಲಿ ಕಾನೂನು ಬದಲಿಸಿ, ಚಾಲನೆ ನಿಲ್ಲಿಸಿದ ಎರಡು ಗಂಟೆಯೊಳಗೆ ಮಿತಿ ತಲುಪಿದ ಮದ್ಯಾಂಶ ಇರುವುದನ್ನೇ ಅಪರಾಧವಾಗಿಸಿತು.

ವ್ಯಕ್ತಿ. 188ನೇ ಸೆಕ್ಷನ್ ಮದ್ಯಪಾನ ಚಾಲನೆಗೆ ದುಷ್ಪ್ರೇರಣೆ ನೀಡಿದವರಿಗೂ ಅಪರಾಧಿಗಿರುವ ಶಿಕ್ಷೆಯನ್ನೇ ವಿಧಿಸುತ್ತದೆ. ಚಾಲಕ ಅಮಲಿನಲ್ಲಿರುವುದನ್ನು ಬಲ್ಲ ಮಾಲೀಕ ಕೀ ಕೊಟ್ಟು ಕಳುಹಿಸಿದರೆ ಈ ಸೆಕ್ಷನ್ ಅವನನ್ನು ಮುಟ್ಟಬಲ್ಲದು. ಪಕ್ಕದಲ್ಲಿ ಕುಳಿತ ಮಾತ್ರಕ್ಕೆ ಪ್ರಯಾಣಿಕ ತಪ್ಪಿತಸ್ಥನಾಗುವುದಿಲ್ಲ. ಜಪಾನ್ ಇದನ್ನು ಪ್ರತ್ಯೇಕ ಅಪರಾಧಗಳಾಗಿ ವಿಸ್ತರಿಸಿತು. 2006ರಲ್ಲಿ ಫುಕುಓಕಾದಲ್ಲಿ ಕುಡಿದ ಚಾಲಕನಿಂದ ಮೂವರು ಮಕ್ಕಳು ಸತ್ತ ನಂತರ, 2007ರ ತಿದ್ದುಪಡಿ ವಾಹನ ಕೊಟ್ಟವನು, ಮದ್ಯ ಕೊಟ್ಟವನು ಮತ್ತು ತಿಳಿದೂ ಜೊತೆಯಲ್ಲಿ ಪ್ರಯಾಣಿಸಿದವನು ಈ ಮೂವರನ್ನೂ ಶಿಕ್ಷೆಗೆ ಗುರಿಮಾಡಿತು. ಮನೆಯಲ್ಲಿ ಮದ್ಯ ಬಡಿಸಿದ ಆತಿಥೇಯರ ಹೊಣೆಯ ಬಗ್ಗೆ ನ್ಯಾಯಾಲಯಗಳು ಬೇರೆ ಬೇರೆ ದಾರಿ ಹಿಡಿದಿವೆ. 1984ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಆತಿಥೇಯ ಪರಿಹಾರಕ್ಕೆ ಹೊಣೆಯೆಂದಿತು. 2006ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅಂಥ ಸಾಮಾನ್ಯ ಹೊಣೆಯನ್ನು ಒಪ್ಪಲಿಲ್ಲ. ಭಾರತದ ಮೋಟಾರು ವಾಹನ ಕಾಯ್ದೆಯಲ್ಲಿ ಆತಿಥೇಯ ಅಥವಾ ಬಾರ್ ಮಾಲೀಕನ ಹೊಣೆಗೆ ಪ್ರತ್ಯೇಕ ನಿಯಮವಿಲ್ಲ.

ಸಾವು ಸಂಭವಿಸಿದಾಗ

185ನೇ ಸೆಕ್ಷನ್ ಅಪಾಯವನ್ನು ಶಿಕ್ಷಿಸುತ್ತದೆ. ಸಾವು ಸಂಭವಿಸಿದರೆ ದಂಡ ಸಂಹಿತೆ ಬಳಕೆಗೆ ಬರುತ್ತದೆ. ಹಿಂದಿನ ಭಾರತೀಯ ದಂಡ ಸಂಹಿತೆಯ 304ಎ ಸೆಕ್ಷನ್ ನಿರ್ಲಕ್ಷ್ಯದ ಸಾವಿಗೆ ಎರಡು ವರ್ಷದವರೆಗಿನ ಸೆರೆವಾಸ ಹೇಳಿತ್ತು. ಅದೇ ಸಂಹಿತೆಯ 304ನೇ ಸೆಕ್ಷನ್ನಿನ ಎರಡನೇ ಭಾಗ, ಸಾವಾಗಬಹುದೆಂಬ ಅರಿವಿನಿಂದ ಮಾಡಿದ ಅಪರಾಧಿಕ ನರಹತ್ಯೆಗೆ ಹತ್ತು ವರ್ಷದವರೆಗಿನ ಸೆರೆವಾಸ ಹೇಳಿತ್ತು. ಕುಡಿದ ಚಾಲಕನಿಗೆ ಯಾವುದು ಅನ್ವಯ ಎಂಬುದನ್ನು ಸುಪ್ರೀಂ ಕೋರ್ಟ್ 2012ರ ಎರಡು ತೀರ್ಪುಗಳಲ್ಲಿ ನಿರ್ಧರಿಸಿತು. ಮೊದಲನೆಯದು 2006ರ ನವೆಂಬರ್‌ನಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯ ಬದಿಯಲ್ಲಿ ಮಲಗಿದ್ದ ಏಳು ಮಂದಿ ಕಾರ್ಮಿಕರು ಸತ್ತ ಪ್ರಕರಣ, ಎರಡನೆಯದು 1999ರ ಜನವರಿಯಲ್ಲಿ ದೆಹಲಿಯಲ್ಲಿ ಆರು ಮಂದಿ ಸತ್ತ ಪ್ರಕರಣ. ಎರಡರಲ್ಲೂ ನ್ಯಾಯಾಲಯ 304ನೇ ಸೆಕ್ಷನ್ನಿನ ಎರಡನೇ ಭಾಗವನ್ನೇ ಅನ್ವಯಿಸಿತು. ಮೊದಲನೆಯದರಲ್ಲಿ ಮೂರು ವರ್ಷದ ಸೆರೆವಾಸ ಉಳಿಯಿತು. ಎರಡನೆಯದರಲ್ಲಿ ಆಗಲೇ ಅನುಭವಿಸಿದ ಸೆರೆವಾಸದ ಜೊತೆಗೆ 50 ಲಕ್ಷ ರೂಪಾಯಿ ಪಾವತಿ ಮತ್ತು ಎರಡು ವರ್ಷದ ಸಮುದಾಯ ಸೇವೆಗೆ ಆದೇಶವಾಯಿತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದ ಸಾವು 106ನೇ ಸೆಕ್ಷನ್ನಿನಲ್ಲಿದ್ದು ಗರಿಷ್ಠ ಶಿಕ್ಷೆ ಐದು ವರ್ಷಕ್ಕೆ ಏರಿದೆ. ಅಪರಾಧಿಕ ನರಹತ್ಯೆ 105ನೇ ಸೆಕ್ಷನ್ನಿನಲ್ಲಿದೆ. ಸಾವಿಗೆ ಕಾರಣನಾಗಿ ಪೊಲೀಸರಿಗೆ ತಿಳಿಸದೆ ಪರಾರಿಯಾಗುವ ಚಾಲಕನಿಗೆ ಹತ್ತು ವರ್ಷದವರೆಗಿನ ಶಿಕ್ಷೆ ಹೇಳುವ 106ನೇ ಸೆಕ್ಷನ್ನಿನ ಎರಡನೇ ಉಪಸೆಕ್ಷನ್ನನ್ನು, 2024ರ ಜನವರಿಯ ಲಾರಿ ಚಾಲಕರ ಮುಷ್ಕರದ ನಂತರ, ಉಳಿದ ಸೆಕ್ಷನ್‌ಗಳ ಜೊತೆ ಜಾರಿಗೊಳಿಸಲಿಲ್ಲ.

ವಿಮೆ ಮತ್ತು ಉದ್ಯೋಗ

ವಾಹನದ ಸ್ವಂತ ಹಾನಿಯ ವಿಮೆಯಲ್ಲಿ ಮದ್ಯದ ಪ್ರಭಾವವನ್ನು ಹೊರಗಿಡುವ ಷರತ್ತು ಸಾಮಾನ್ಯ. ಉಸಿರು ಅಥವಾ ರಕ್ತ ಪರೀಕ್ಷೆಯ ಅಂಕಿ ಇಲ್ಲದಿದ್ದರೂ ಇತರ ಸನ್ನಿವೇಶಗಳಿಂದ ವಿಮಾ ಕಂಪನಿ ಆ ಪ್ರಭಾವವನ್ನು ತೋರಿಸಬಹುದೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಹೇಳಿತು. ಹೀಗಾಗಿ ಕ್ರಿಮಿನಲ್ ಪ್ರಕರಣಕ್ಕೆ ಬೇಕಾದ ರುಜುವಾತಿಗಿಂತ ವಿಮೆಯ ವ್ಯಾಜ್ಯದಲ್ಲಿ ಬೇಕಾದ ರುಜುವಾತು ಸಡಿಲ. ಮೂರನೇ ವ್ಯಕ್ತಿಯ ಪರಿಹಾರದ ವಿಷಯದಲ್ಲಿ, 2019ರ ತಿದ್ದುಪಡಿಯ ನಂತರದ 150ನೇ ಸೆಕ್ಷನ್ ಮದ್ಯಪಾನ ಚಾಲನೆಯನ್ನು ವಿಮಾದಾರರ ರಕ್ಷಣೆಗಳಲ್ಲಿ ಸೇರಿಸಿದೆ. ಇಂತಹ ಷರತ್ತು ಭಂಗದ ಪ್ರಕರಣಗಳಲ್ಲಿ ವಿಮಾ ಕಂಪನಿ ಮೊದಲು ಸಂತ್ರಸ್ತರಿಗೆ ಪಾವತಿಸಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡುವ ಕ್ರಮವನ್ನು ನ್ಯಾಯಾಲಯಗಳು ಅನುಸರಿಸುತ್ತ ಬಂದಿವೆ.

ಉದ್ಯೋಗದ ವಿಷಯದಲ್ಲಿ ಮದ್ಯಪಾನ ಚಾಲನೆ ಸ್ವತಂತ್ರ ದುರ್ನಡತೆ. ಅಪಘಾತದಲ್ಲಿ ದೊಡ್ಡ ಹಾನಿ ಆಗಲಿಲ್ಲವೆಂಬುದು ವಿನಾಯಿತಿಗೆ ಕಾರಣವಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ, ಸಶಸ್ತ್ರ ಪೊಲೀಸ್ ಸಿಬ್ಬಂದಿಯ ಟ್ರಕ್ ನಡೆಸುತ್ತಿದ್ದ ಚಾಲಕನ ಪ್ರಕರಣದಲ್ಲಿ ಹೇಳಿತು.

ಮದ್ಯ ಮಾರಾಟದ ನಿಯಂತ್ರಣ

ಕಾನೂನಿನ ವ್ಯಾಪ್ತಿ ಚಾಲಕನನ್ನು ದಾಟಿ ಅಂಗಡಿಗೂ ತಲುಪಿದೆ. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಆದೇಶಿಸಿತು. 2017ರ ಮಾರ್ಚ್‌ನಲ್ಲಿ, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಆ ದೂರವನ್ನು 220 ಮೀಟರ್‌ಗೆ ಇಳಿಸಿತು. ಅದೇ ವರ್ಷದ ಜುಲೈನಲ್ಲಿ ನಗರಾಡಳಿತ ಪ್ರದೇಶಗಳೊಳಗಿನ ಪರವಾನಗಿಗಳಿಗೆ ಈ ನಿಷೇಧ ಅಡ್ಡಿಯಲ್ಲವೆಂದು ಸ್ಪಷ್ಟಪಡಿಸಿತು. ಗುಜರಾತ್, ಬಿಹಾರದಂತಹ ಪಾನನಿಷೇಧ ರಾಜ್ಯಗಳಲ್ಲಿ ಮದ್ಯ ಸೇವನೆಯೇ ಅಪರಾಧ. ಅಲ್ಲಿ 30 ಮಿಲಿಗ್ರಾಂ ಮಿತಿ ಚಾಲನೆಯ ಅಪರಾಧಕ್ಕೆ ಮಾತ್ರ ಪ್ರಸ್ತುತ.

ವ್ಯಾಪ್ತಿಯನ್ನು ಕುರಿತ ವಾದಗಳು

ತಪಾಸಣೆಯ ಅಧಿಕಾರ. ಯಾದೃಚ್ಛಿಕ ತಪಾಸಣೆಯನ್ನು ಬೆಂಬಲಿಸುವವರು ಸಿಕ್ಕಿಬೀಳುವ ಖಚಿತತೆಯೇ ಶಿಕ್ಷೆಯ ಪ್ರಮಾಣಕ್ಕಿಂತ ಹೆಚ್ಚು ತಡೆಯುತ್ತದೆ ಎನ್ನುತ್ತಾರೆ. ನ್ಯೂ ಸೌತ್ ವೇಲ್ಸ್‌ನಲ್ಲಿ ತಪಾಸಣೆ ಆರಂಭವಾದ ಮೇಲೆ ರಸ್ತೆ ಸಾವುಗಳು ಗಮನಾರ್ಹವಾಗಿ ಇಳಿದದ್ದು ಇವರ ಮುಖ್ಯ ಆಧಾರ. ಕಾರಣವಿಲ್ಲದೆ ತಡೆಯುವುದು ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬುದು ವಿರೋಧಿಗಳ ನಿಲುವು. ಅಮೆರಿಕದ ಸುಪ್ರೀಂ ಕೋರ್ಟ್ 1990ರಲ್ಲಿ ರಸ್ತೆ ತಪಾಸಣಾ ಕೇಂದ್ರಗಳನ್ನು ಸಂವಿಧಾನಬದ್ಧವೆಂದಿತು. 2016ರಲ್ಲಿ ಬಂಧನದ ನಂತರದ ಉಸಿರು ತಪಾಸಣೆಗೆ ವಾರಂಟ್ ಬೇಡ, ರಕ್ತ ಪರೀಕ್ಷೆಗೆ ಸಾಮಾನ್ಯವಾಗಿ ಬೇಕು ಎಂದು ಗೆರೆ ಎಳೆಯಿತು. ಭಾರತದಲ್ಲಿ 203ನೇ ಸೆಕ್ಷನ್ ಸಮಂಜಸ ಅನುಮಾನವನ್ನು ಕೇಳುವುದರಿಂದ, ನಾಕಾಬಂದಿಯಲ್ಲಿ ಎಲ್ಲ ಚಾಲಕರಿಂದಲೂ ಊದಿಸುವ ಕ್ರಮಕ್ಕೆ ಕಾಯ್ದೆಯ ಪಾಠದಲ್ಲಿ ನೇರ ಆಧಾರವಿಲ್ಲ.

ಸ್ವಯಂ ದೋಷಾರೋಪಣೆ. ಸಂವಿಧಾನದ 20ನೇ ಅನುಚ್ಛೇದದ ಮೂರನೇ ಖಂಡ, ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದು ಎನ್ನುತ್ತದೆ. ಬೆರಳಚ್ಚಿನಂತಹ ಭೌತಿಕ ಕುರುಹುಗಳಿಗೆ ಈ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟ್ 1961ರಲ್ಲಿ ಹೇಳಿತು. ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದ 2010ರ ತೀರ್ಪು ಒಪ್ಪಿಗೆಯಿಲ್ಲದ ನಾರ್ಕೋ ಪರೀಕ್ಷೆಯನ್ನು ನಿಷೇಧಿಸಿದರೂ, ರಕ್ತದ ಮಾದರಿಯಂತಹ ಭೌತಿಕ ಸಾಕ್ಷ್ಯವನ್ನು ಆ ನಿಷೇಧದಿಂದ ಬೇರೆಯಾಗಿಯೇ ಇಟ್ಟಿತು.

ಮಿತಿಯ ಮಟ್ಟ. ಶೂನ್ಯ ಮಿತಿ ಬೇಕೆನ್ನುವವರು ಅದು ಕುಡಿದ ಪ್ರಮಾಣದ ಊಹೆಗೆ ಅವಕಾಶವನ್ನೇ ಕೊಡುವುದಿಲ್ಲ ಎನ್ನುತ್ತಾರೆ. ಔಷಧಿ ಮತ್ತು ಉಪಕರಣದ ಅಲ್ಪ ದೋಷ ನಿರಪರಾಧಿಗಳನ್ನು ಸಿಲುಕಿಸಬಹುದು ಎಂಬುದು ಎದುರು ವಾದ. ಭಾರತ 1988 ಮತ್ತು 1994ರ ನಡುವೆ ಈ ಎರಡೂ ನಿಲುವುಗಳನ್ನು ಕಾನೂನಿನಲ್ಲೇ ಕಂಡಿದೆ.

ಇಂದಿನ ಸ್ಥಿತಿ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇದರಲ್ಲಿ ಮದ್ಯ ಮತ್ತು ಮಾದಕ ಪದಾರ್ಥದ ಲೆಕ್ಕಕ್ಕೆ ಸೇರಿದ್ದು ಶೇ 3ಕ್ಕಿಂತ ಕಡಿಮೆ. ಶೇ 70ಕ್ಕೂ ಹೆಚ್ಚು ಸಾವುಗಳು ಅತಿವೇಗದ ಲೆಕ್ಕದಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಾಂಕ್ರಾಮಿಕ ರೋಗಶಾಸ್ತ್ರ ವಿಭಾಗ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನಗಳು ಗಾಯಾಳುಗಳಲ್ಲಿ ಮದ್ಯದ ಪಾಲನ್ನು ಪೊಲೀಸ್ ದಾಖಲೆಗಿಂತ ಬಹಳ ಹೆಚ್ಚು ತೋರಿಸಿವೆ. ಅಪಘಾತಕ್ಕೆ ಒಂದೇ ಕಾರಣ ಬರೆಯುವ ರೂಢಿ, ಪರೀಕ್ಷೆಯ ವಿಳಂಬ, ಪ್ರಾಣಾಪಾಯದಲ್ಲಿರುವವರ ಮತ್ತು ಸತ್ತವರ ಮಾದರಿ ಪಡೆಯದಿರುವುದು ಈ ಅಂತರಕ್ಕೆ ಕಾರಣವಾಗುತ್ತವೆ.

ಕರ್ನಾಟಕದಲ್ಲಿ ಬೆಂಗಳೂರು ಸಂಚಾರ ಪೊಲೀಸರು ವಾರಾಂತ್ಯದ ರಾತ್ರಿಗಳಲ್ಲಿ ಮತ್ತು ಹೊಸ ವರ್ಷದ ಹೊತ್ತಿನಲ್ಲಿ ವಿಶೇಷ ತಪಾಸಣೆ ನಡೆಸುತ್ತಾರೆ. ಶಾಲಾ ವಾಹನ ಚಾಲಕರನ್ನು ಬೆಳಗಿನ ಹೊತ್ತು ತಪಾಸಿಸುವ ಅಭಿಯಾನಗಳೂ ನಡೆದಿವೆ. ಕೋವಿಡ್ ಹರಡಿದ 2020ರಲ್ಲಿ ಸೋಂಕಿನ ಭೀತಿಯಿಂದ ಉಸಿರು ತಪಾಸಣೆಯನ್ನು ನಿಲ್ಲಿಸಲಾಗಿತ್ತು. ರಾಜ್ಯ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಹಲವು ಸಂಚಾರ ದಂಡಗಳನ್ನು ತಗ್ಗಿಸಿದಾಗಲೂ, ರಾಜಿಗೆ ಅವಕಾಶವಿಲ್ಲದ ಮದ್ಯಪಾನ ಚಾಲನೆಯ ದಂಡ ಹಾಗೆಯೇ ಉಳಿಯಿತು.

ಸಾಕ್ಷ್ಯದ ಸಂರಕ್ಷಣೆ ಈಚಿನ ಮುಖ್ಯ ವಿಷಯ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಕಾರು ಡಿಕ್ಕಿಯಾಗಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತ ಪ್ರಕರಣದಲ್ಲಿ ಚಾಲಕನ ರಕ್ತದ ಮಾದರಿ ಬದಲಿಸಿದ ಆರೋಪದ ಮೇಲೆ ವೈದ್ಯರ ಬಂಧನವಾಯಿತು. ಮಿತಿ ಅಪರಾಧ ನಿಂತಿರುವುದು ಒಂದು ಅಂಕಿಯ ಮೇಲೆ. ಮಾದರಿ ಪಡೆದ ಹೊತ್ತು, ಮೊಹರು, ಸಾಗಣೆ ಮತ್ತು ಉಪಕರಣದ ಪ್ರಮಾಣಪತ್ರ ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಆ ಅಂಕಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಉಸಿರು ಪರೀಕ್ಷಿಸದೆ ಎಂಜಿನ್ ಶುರುವಾಗಲು ಬಿಡದ ಉಪಕರಣವನ್ನು ಅಮೆರಿಕದ ಹಲವು ರಾಜ್ಯಗಳು ಶಿಕ್ಷೆಯಾದ ಚಾಲಕರ ವಾಹನಗಳಿಗೆ ಕಡ್ಡಾಯ ಮಾಡಿವೆ. ಭಾರತದಲ್ಲಿ 185ನೇ ಸೆಕ್ಷನ್ ಅಂತಹ ಆದೇಶಕ್ಕೆ ಅವಕಾಶ ಕೊಟ್ಟಿಲ್ಲ. ಮಾದಕ ಪದಾರ್ಥಕ್ಕೆ ಅಂಕಿಯ ಮಿತಿ, ವೃತ್ತಿಪರ ಮತ್ತು ಹೊಸ ಚಾಲಕರಿಗೆ ಪ್ರತ್ಯೇಕ ಮಿತಿ, ಯಾದೃಚ್ಛಿಕ ತಪಾಸಣೆಗೆ ಸ್ಪಷ್ಟ ಅಧಿಕಾರ, ಪರಾರಿಯಾದ ಚಾಲಕನ ಮದ್ಯಾಂಶದ ರುಜುವಾತು ಈ ನಾಲ್ಕು ವಿಷಯಗಳು ಭಾರತದ ಕಾನೂನಿನ ಈಗಿನ ವ್ಯಾಪ್ತಿಯ ಹೊರಗೆ ಉಳಿದಿವೆ.